ಗುಡಿಗೆ 100 ಮೀಟರು, ಕೇರಿಗೆ ಎಷ್ಟು?

(ವಿದ್ಯಾರ್ಥಿ ನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ಗೆಳೆಯರೆ,

ಐಹೊಳೆಯಲ್ಲಿ ಲಾಡಖಾನ್ ಗುಡಿ ಅಂತ ಒಂದು ಗುಡಿ ಇದೆ. ಲಾಡಖಾನ್ ದೇವರಲ್ಲ, ಗುಡಿ ಕಟ್ಟಿಸಿದ ಚಾಲುಕ್ಯ ರಾಜನೂ ಅಲ್ಲ. ಅದರೊಳಗೆ ವಾಸ ಮಾಡಿದ್ದ ಮನುಷ್ಯ. ಹಳೇ ಕಲ್ಲಿನ ಮಗ್ಗುಲಲ್ಲಿ ಜನ ಬಾಳಿದ್ದು ನಿನ್ನೆ ಮೊನ್ನೆಯ ಸಂಗತಿ ಅಲ್ಲ.

ಇನ್ನು ಹಂಪಿ ನೋಡಿ. 1986ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಜನ ಗೋಡೆ ಎಬ್ಬಿಸಿಕೊಂಡು ಮನೆ, ಅಂಗಡಿ ಮಾಡಿಕೊಂಡಿದ್ದರು. 2011ರ ಜುಲೈನಲ್ಲಿ ಬುಲ್ಡೋಜರ್ ಬಂತು. ಒಕ್ಕಲೆದ್ದವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಮಂಟಪ ಯಾವ ಕಾಲದ್ದು ಅಂತ ಬರೆದಿಟ್ಟವರಿದ್ದರು. ಅದರೊಳಗೆ ಒಲೆ ಹೂಡಿದವರ ಲೆಕ್ಕ ಇಟ್ಟವರು ಎಷ್ಟು ಜನ?

ಕಲ್ಲು ಉಳಿಯಬಾರದು ಅಂತ ನಾವು ಹೇಳ್ತಿಲ್ಲ. ಕಲ್ಲು ಕಡಿದು ಹೊತ್ತವರು ದುಡಿಯುವ ಜನವೇ. ನಮ್ಮ ತಕರಾರು ಬೇರೆ.

ನಮ್ಮ ಗೆಳೆಯನೊಬ್ಬನ ಮನೆ ಇಂಥದೇ ಹಳೇ ಗುಡಿಯ ಹತ್ತಿರದ ಕೇರಿಯಲ್ಲಿದೆ. ಮಳೆಗೆ ಗೋಡೆ ಕುಸಿಯಿತು. ಅವರಪ್ಪ ಕಚೇರಿಗೆ ಹೋದರೆ, 'ಸ್ಮಾರಕದ ಹತ್ತಿರ ಒಂದು ಇಟ್ಟಿಗೇನೂ ಇಡೋ ಹಾಗಿಲ್ಲ, ಹೋಗಯ್ಯ' ಅಂದರು. ಬಾಯಿಮಾತಲ್ಲಿ ಅಂದರು. ಅವರು ಟವಲು ಕೊಡವಿಕೊಂಡು ವಾಪಸು ಬಂದರು. ಬಿದ್ದ ಗೋಡೆಗೆ ತಾಡಪಾಲು ಕಟ್ಟಿದ್ದಾರೆ.

ಆಮೇಲೆ ನಾವು ಕೂತು ಕಾನೂನು ಓದಿದೆವು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಗಿದೆ. ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ. ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟೋ ಹಾಗಿಲ್ಲ, ನಿಜ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಕೊಡೋದಿಲ್ಲ ಅನ್ನುವುದಾದರೆ ಅರ್ಜಿದಾರನ ಮಾತು ಕೇಳಿ, ಮೂರು ತಿಂಗಳೊಳಗೆ ಬರಹದಲ್ಲಿ ತಿಳಿಸಬೇಕು. 'ಹೋಗಯ್ಯ' ಅನ್ನೋ ಕಲಮು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ!

ಇನ್ನೊಂದು ಮಾತು. ಸಾರ್ವಜನಿಕ ಕಕ್ಕಸು, ಚರಂಡಿ, ಜನರಿಗೆ ನೀರು ಕೊಡುವ ಕೆಲಸ, ಕರೆಂಟು ಎಳೆಯುವ ಕೆಲಸ, ಇವನ್ನು ಈ ಕಾಯ್ದೆಯೇ 'ನಿರ್ಮಾಣ' ಅನ್ನುವ ಪದದ ಅರ್ಥದಿಂದ ಹೊರಗಿಟ್ಟಿದೆ. ಹಾಗಾದರೆ ಸ್ಮಾರಕದ ನೆಪ ಹೇಳಿ ಕೇರಿಯ ನಲ್ಲಿ, ಚರಂಡಿ ತಡೆಯುವವರನ್ನು ಕೇಳೋದಕ್ಕೆ ನಮಗೆ ಬಾಯಿಲ್ಲವೇ?

ಮುಳ್ಳು ಇರೋದು ಇಲ್ಲಿ. ನಿಯಂತ್ರಿತ ಪ್ರದೇಶದಲ್ಲಾದರೆ ಸ್ವಾಧೀನದಲ್ಲಿರುವವನೂ ಅರ್ಜಿ ಹಾಕಬಹುದು. 100 ಮೀಟರಿನೊಳಗೆ ಮಾತ್ರ ಮನೆಯ ಮಾಲೀಕನೇ ಆಗಿರಬೇಕು. ಮೂರು ತಲೆಮಾರು ಬಾಳಿದರೂ ನಮ್ಮಲ್ಲಿ ಎಷ್ಟು ಮನೆಗೆ ಹಕ್ಕುಪತ್ರ ಇದೆ? ಊರೊಳಗಿನ ದೊಡ್ಡ ಮನೆಗೆ ಕಾಗದ ಇರುತ್ತೆ, ಅದರ ಸೂರು ದುರಸ್ತಿ ಆಗುತ್ತೆ. ಕಾಗದ ಇಲ್ಲದ ಮನೆ ಕಾನೂನಿನ ಕಣ್ಣಿಗೆ ಮನೆಯೇ ಅಲ್ಲ. ಜಾತಿ ನಮ್ಮನ್ನು ಗುಡಿಯಿಂದ ಹೊರಗಿಟ್ಟಿತ್ತು. ಈಗ ಅದೇ ಗುಡಿಯ ಹೆಸರಲ್ಲಿ ಮನೆಯಿಂದಲೂ ಹೊರಗೆ ನಿಲ್ಲೋದಾ?

ರೊಚ್ಚಿಗೆದ್ದು ರಾತ್ರೋರಾತ್ರಿ ಗೋಡೆ ಎಬ್ಬಿಸಬೇಡಿ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ನಾವು ಅಕ್ಷರ ಕಲಿತವರು. ರಜೆಗೆ ಊರಿಗೆ ಹೋದಾಗ ಅವ್ವನ ಟ್ರಂಕು ತೆಗೆಸಿ. 1992ಕ್ಕೆ ಹಿಂದಿನ ಕಂದಾಯದ ರಸೀದಿ, ಕರೆಂಟು ಬಿಲ್ಲು, ಮತದಾರರ ಪಟ್ಟಿ, ಸಿಕ್ಕಿದ್ದನ್ನೆಲ್ಲ ಕೂಡಿಸಿ. ಟೇಪು ಹಿಡಿದು ಸ್ಮಾರಕದ ಗಡಿಯಿಂದ ಮನೆ ಎಷ್ಟು ದೂರ ಅಂತ ಅಳೆಯಿರಿ. ಹಕ್ಕುಪತ್ರಕ್ಕೆ ಇಡೀ ಕೇರಿ ಸೇರಿ ಅರ್ಜಿ ಕೊಡಲಿ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಕೇಳಿ, ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ 'ಇಲ್ಲ' ತಗೊಂಡು ಯಾರೂ ಮನೆಗೆ ಬರಬೇಡಿ.

ಆ ಗೆಳೆಯನ ಅಪ್ಪನ ಅರ್ಜಿಯನ್ನು ನಾವೇ ಬರೆದಿದ್ದೇವೆ. ಸೋಮವಾರ ಅವರ ಜೊತೆ ಹತ್ತು ಜನ ಕಚೇರಿಗೆ ಹೋಗ್ತೀವಿ. ಬರುವವರು ಹೆಸರು ಕೊಡಿ.

ಜೈ ಭೀಮ್.