ಬ್ರಹ್ಮಗಿರಿಯ ಬಂಡೆ, ಕಡಲಿನ ಕಾವಲು



ಕಡಲನ್ನು ಕಾಯುವವರ ವಿಚಾರ ಮಾತನಾಡಲು ಮೊಳಕಾಲ್ಮುರು ಸೀಮೆಯವನೊಬ್ಬ ಹೊರಟಿದ್ದಾನೆ ಎಂದರೆ ನಿಮಗೆ ನಗು ಬಂದೀತು. ನಾಡಿನಲ್ಲಿ ತೀರ ಕಡಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಮೊಳಕಾಲ್ಮುರುವೂ ಸೇರಿವೆ. ನೇರ ಗೆರೆ ಎಳೆದರೂ ನಮ್ಮ ಬ್ರಹ್ಮಗಿರಿಯಿಂದ ಕಡಲು 250 ಕಿಲೋಮೀಟರಿಗೆ ಮಿಗಿಲಾದ ದೂರ. ಆದರೂ ಈ ಮಾತಿಗೆ ಬ್ರಹ್ಮಗಿರಿಯೇ ನನಗೆ ಆಧಾರ.

ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನ ಶಾಸನವಿದೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅದನ್ನು ವಿದ್ವಲ್ಲೋಕದ ಮುಂದಿಟ್ಟರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ತಾಯಿತಂದೆಗಳ ಸೇವೆ ಮಾಡಬೇಕು, ಸತ್ಯವನ್ನಾಡಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕು ಎಂಬುದು ಅದರ ಭಾವ. ಈ ದೃಢ ಎಂಬ ಮಾತನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ, ಮನಸ್ಸಿನಲ್ಲಿ ನೆಲೆನಿಂತ ಕರುಣೆ ಎಂದು ನಾನು ಅನೇಕ ವರ್ಷ ಹೇಳಿದ್ದೆ. ಆ ಅರ್ಥ ಸಾಲದೆಂಬುದನ್ನು ಕಡಲ ದಡದ ಜನ ನನಗೆ ಕಲಿಸಿದರು.

ಅಶೋಕನಿಗೂ ಅದು ಸಾಲದೆನಿಸಿರಬೇಕು. ಪಟ್ಟಾಭಿಷೇಕವಾದ 26 ವರ್ಷಗಳ ಮೇಲೆ ಅವನು ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ ಕರುಣೆಯು ಕಟ್ಟಳೆಯಾಗಿದೆ. ಆ ಶಾಸನ ನಮ್ಮಲ್ಲಿಲ್ಲ. ದೆಹಲಿ-ತೋಪ್ರಾ ಮೊದಲಾದ ಉತ್ತರದ ಕಂಬಗಳಲ್ಲಿದೆ. ಕೊಲ್ಲಬಾರದ ಜೀವಿಗಳ ಪಟ್ಟಿಯಲ್ಲಿ ಗಿಳಿ, ಹಂಸಗಳ ಜೊತೆಗೆ ಆಮೆಯುಂಟು, ಮೂಳೆಯಿಲ್ಲದ ಮೀನುಂಟು. ಚಾತುರ್ಮಾಸ್ಯದ ಮೂರು ಹುಣ್ಣಿಮೆಗಳಲ್ಲಿಯೂ ಬೇರೆ ಕೆಲವು ಗೊತ್ತಾದ ದಿನಗಳಲ್ಲಿಯೂ ಮೀನನ್ನು ಕೊಲ್ಲಕೂಡದು, ಮಾರಲೂ ಕೂಡದು ಎಂದಿದೆ. ಬೆಸ್ತರ ಮೀನುನೆಲೆಗೆ ಅಲ್ಲಿ ಕೇವಟಭೋಗವೆಂಬ ಹೆಸರೇ ಇದೆ. ಮೀನು ತಿನ್ನಲೇಬೇಡಿರೆಂದು ಅರಸ ಹೇಳಲಿಲ್ಲ. ಇಂಥ ದಿನ ಬೇಡ, ಇಂಥ ಜೀವಿ ಬೇಡ ಎಂದ.

ಹೋದ ಮಾಘಮಾಸದಲ್ಲಿ ಕುಂದಾಪುರದ ಕೋಡಿಯ ಮರಳದಂಡೆಯಲ್ಲಿ ಒಬ್ಬ ತರುಣನ ಪರಿಚಯವಾಯಿತು. ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ದಡಕ್ಕೆ ಬಂದು ಮರಳು ತೋಡಿ ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರು, ನೂರಿಪ್ಪತ್ತು ಮೊಟ್ಟೆ. ಮರಿಯಾಗಲು ಏಳೆಂಟು ವಾರ ಬೇಕು. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುವುದು, ನಾಯಿ ನರಿ ಬಾರದಂತೆ ಸುತ್ತ ಬಲೆ ಕಟ್ಟುವುದು, ಮರಿ ಹೊರಬರುವ ರಾತ್ರಿ ಹತ್ತಿರದ ದೀಪಗಳನ್ನು ಆರಿಸುವಂತೆ ಬೇಡಿಕೊಳ್ಳುವುದು ಅವನೂ ಅವನ ಗೆಳೆಯರೂ ಮಾಡುವ ಕೆಲಸ. ಬೆಳಕಿರುವ ಕಡೆಗೆ ಓಡುವುದು ಮರಿಗಳ ಹುಟ್ಟುಗುಣ. ನಕ್ಷತ್ರಗಳ ಬೆಳಕಿನಲ್ಲಿ ಮಿನುಗುವ ಕಡಲಿನತ್ತ ಹೋಗಬೇಕಾದವು, ಬೀದಿದೀಪ ಕಂಡರೆ ರಸ್ತೆಯ ಕಡೆಗೆ ತಿರುಗಿಬಿಡುತ್ತವೆ.

“ನಮ್ಮ ಅಜ್ಜ ಇದೇ ಮರಳು ಅಗೆದು ಮೊಟ್ಟೆ ತರುತ್ತಿದ್ದರು, ಮಾಸ್ಟ್ರೆ. ಆಗ ಅದು ತಪ್ಪೆಂದು ಯಾರೂ ಹೇಳಿರಲಿಲ್ಲ. ಈಗ ನಾನು ಕಾಯುತ್ತೇನೆ,” ಎಂದ. ಅಜ್ಜನನ್ನು ಅವನು ಹಳಿಯಲಿಲ್ಲ. ಕಡಲಾಮೆಯನ್ನು ಕೊಲ್ಲುವುದೂ ಅದರ ಮೊಟ್ಟೆ ತೆಗೆಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆದರೆ ನಡುರಾತ್ರಿಯಲ್ಲಿ ಆ ಮರಳಿನ ಮೇಲೆ ಕಾಯಿದೆ ಕುಳಿತಿರುವುದಿಲ್ಲ; ಅಂಥ ಹುಡುಗ ಕುಳಿತಿರುತ್ತಾನೆ.

ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಬಲ್ಲ ಅಧ್ಯಾಪಕರೊಬ್ಬರೊಡನೆ ಮಾತನಾಡಿದೆ. ಅವರು ಬೂತಾಯಿ ಮೀನಿನ ಕಥೆ ಹೇಳಿದರು. ಕೇರಳದ ಕರಾವಳಿಯಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ ಬೂತಾಯಿ 2021ರಲ್ಲಿ 4 ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಕಡಲಿನ ಬಿಸಿಯ ಏರುಪೇರು ಒಂದು ಕಾರಣ, ಬೆಳೆಯುವ ಮೊದಲೇ ಮರಿಗಳನ್ನು ಬಾಚಿದ್ದು ಇನ್ನೊಂದು. “ಕಡಲಿನ ಬಿಸಿಯನ್ನು ಈ ಊರಿನಲ್ಲಿ ಕುಳಿತು ಇಳಿಸಲಾರೆವು. ಮರಿಯನ್ನು ಬಿಟ್ಟುಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ,” ಎಂದರು.

ಬಿಟ್ಟುಬಿಡುವುದಕ್ಕೆ ಕಟ್ಟಳೆಗಳು ಇಲ್ಲದಿಲ್ಲ. ಬಹುತೇಕ ಮೀನುಗಳು ಮೊಟ್ಟೆಯಿಡುವ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪ್ರಖರ ದೀಪ ಹಾಕಿ ಮೀನು ಸೆಳೆಯುವುದನ್ನೂ ಎರಡು ದೋಣಿಗಳ ನಡುವೆ ಬಲೆ ಎಳೆದು ಕಡಲ ತಳವನ್ನು ಗುಡಿಸುವುದನ್ನೂ 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು.

ಕೋಡಿಗೆ ಮರಳಿದಾಗ ಒಬ್ಬ ಹಿರಿಯ ಮೀನುಗಾರರು ಸಿಕ್ಕಿದರು. ಯೌವನದಲ್ಲಿ ರಂಪಣಿ ಎಳೆದವರು. ರಂಪಣಿಯೆಂದರೆ ಕೇರಿಗೆ ಕೇರಿಯೇ ಸೇರಿ ದಡದಿಂದ ಎಳೆಯುತ್ತಿದ್ದ ದೊಡ್ಡ ಬಲೆ. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಅವರೆಂದರು: “ಆಗ ದಡಕ್ಕೆ ಬಂದ ಬಂಗುಡೆ ನಮ್ಮದು, ಬಾರದ್ದು ಕಡಲಿನದು. ಈಗ ನಾವೇ ಅದರ ಮನೆಗೆ ಹೋಗಿ ಹಿಡಿಯುತ್ತೇವೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ನನ್ನ ಮಗ ಟ್ರಾಲ್ ಬೋಟಿನಲ್ಲಿದ್ದಾನೆ. ಮಳೆಗಾಲದ ಎರಡು ತಿಂಗಳು ಅವನಿಗೆ ಸಾಲದ ತಿಂಗಳು. ನೀವು ಘಟ್ಟದ ಮೇಲಿನವರು, ಆಮೆ ಕಾಯಿರಿ, ಮೀನು ಕಾಯಿರಿ ಎನ್ನುತ್ತೀರಿ. ಕಾಯುವವರನ್ನು ಯಾರು ಕಾಯುತ್ತಾರೆ, ಮಾಸ್ಟ್ರೆ?”

ನಾನು ಉತ್ತರ ಹೇಳಲಿಲ್ಲ. ಆ ತಿಂಗಳುಗಳಿಗೆಂದು ಮೀನುಗಾರ ಕಟ್ಟಿದ ಹಣಕ್ಕೆ ಸರ್ಕಾರವೂ ಸೇರಿಸಿ ಕೊಡುವ ಉಳಿತಾಯ ಪರಿಹಾರ ಯೋಜನೆಯುಂಟು. ಒಂದು ಸಂಸಾರ ಎರಡು ತಿಂಗಳು ಉಣ್ಣಲು ಅದೆಷ್ಟು ಸಾಕೆಂಬುದನ್ನು ಅವರ ಮುಂದೆ ವಾದಿಸುವ ಮುಖ ನನಗಿರಲಿಲ್ಲ.

ಊರಿಗೆ ಬಂದು ಮತ್ತೆ ಆ ಬಂಡೆಯ ಮುಂದೆ ನಿಂತೆ. ದಯೆ ದೃಢವಾಗಿರಬೇಕೆಂದರೆ ಅದಕ್ಕೊಂದು ದಿನ, ಒಂದು ಎಲ್ಲೆ, ಒಂದು ಕಾವಲು ಬೇಕು. ಇವೆಲ್ಲಕ್ಕೂ ಒಂದು ಬೆಲೆಯುಂಟು. ಆ ಬೆಲೆಯನ್ನು ದಡದವನೊಬ್ಬನೇ ತೆತ್ತರೆ ಅವನ ದಯೆ ಎಷ್ಟು ದಿನ ದೃಢವಾಗಿದ್ದೀತು? ಮಂಜುಗಡ್ಡೆಯಲ್ಲಿ ಹೂತ ಕಡಲ ಮೀನು ಲಾರಿಯೇರಿ ನಮ್ಮ ಸಂತೆಗೂ ಬರುತ್ತದೆ. ಬೆರಳುದ್ದದ ಮರಿಮೀನನ್ನು ಕೊಳ್ಳದಿರುವುದು ನಮ್ಮಿಂದಾಗದ ಕೆಲಸವಲ್ಲ. ದೋಣಿ ದಡದಲ್ಲಿರುವ ದಿನಗಳ ಕೂಲಿ ದಾನವಲ್ಲ, ಕಾವಲಿನ ಸಂಬಳ ಎಂದು ಒಪ್ಪುವುದೂ ಆಗದ ಮಾತಲ್ಲ.

ಇನ್ನೊಂದು ಮಾತು. ನಮ್ಮ ಸೀಮೆಯ ಚಿನ್ನಹಗರಿ ವೇದಾವತಿಗೆ, ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುವ ಹಂಸಲದೀವಿಯ ಮರಳಿನಲ್ಲಿಯೂ ಅದೇ ಕಡಲಾಮೆ ಮೊಟ್ಟೆಯಿಡುತ್ತದೆ. ಹಳ್ಳ ತುಂಬಿ ಹರಿದ ವರ್ಷ ನಾವು ಅದರಲ್ಲಿ ಎಸೆದ ಪ್ಲಾಸ್ಟಿಕ್ ಚೀಲ ಎತ್ತ ಸಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಡಲು ನಮಗೆ ದೂರವಿರಬಹುದು. ನಮ್ಮ ಹಳ್ಳಕ್ಕೆ ಅದು ದೂರವಲ್ಲ.

ಆ ಹಿರಿಯರ ಪ್ರಶ್ನೆಯನ್ನು ನಿಮಗೊಪ್ಪಿಸಿದ್ದೇನೆ.