ಡಿಬಗ್ಗರ್ ಕೈಗೆ ಮೆಮೊರಿಯ ನಕ್ಷೆ ಕೊಡಿ

ಪುಣೆಯಲ್ಲಿ ಕೂತು ಮೈಕ್ರೋಕಂಟ್ರೋಲರ್ ಬಗ್ಗೆ ಕನ್ನಡದಲ್ಲಿ ಮಾತಾಡೋ ಅವಕಾಶ ಅಪರೂಪ. ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ನಮ್ಮ ಬೋರ್ಡಿನಲ್ಲಿದ್ದ ಚಿಪ್ ಎಸ್‌ಟಿಎಂ32ಎಫ್103ಸಿ8. ಅದು ಸೀರಿಯಲ್ ಲೈನಿನಲ್ಲಿ ಸೆನ್ಸರ್‌ಗೆ ಕಮಾಂಡ್ ಕಳಿಸಬೇಕು, ಸೆನ್ಸರ್ 'ಸಿಕ್ಕಿತು' ಅಂತ ಒಂದೇ ಒಂದು ಬೈಟ್ ವಾಪಸ್ ಕೊಡಬೇಕು. ಕಮಾಂಡ್ ಕಳಿಸಿದ ಮೇಲಿನ ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟು, ನಿಲ್ಲಿಸಿ, ಮತ್ತೆ ಓಡಿಸಿದರೆ ಆ ಬೈಟ್ ಮಾಯ! ಇಂಟರಪ್ಟ್ ಕೋಡ್ ಬರೆದಿದ್ದ ಹುಡುಗ ತಂಡಕ್ಕೆ ಹೊಸಬ. "ನಿನ್ನ ಕೋಡೇ ಸರಿಯಿಲ್ಲ" ಅಂತ ಎಲ್ಲರೆದುರು ಅಂದುಬಿಟ್ಟೆ. ಪಾಪ, ಎರಡು ರಾತ್ರಿ ನಿದ್ದೆಗೆಟ್ಟು ಹುಡುಕಿದ. ಕೋಡ್ ಸರಿಯಾಗೇ ಇತ್ತು. ಬೈಟ್ ನುಂಗಿದ್ದು ನನ್ನ ಡಿಬಗ್ಗರ್.

ಹೇಗೆ ಅಂತೀರಾ? ಮೆಮೊರಿ ವಿಂಡೋದಲ್ಲಿ ನಾನು ಹೆಕ್ಸ್ 40013800 ವಿಳಾಸ ತೆರೆದಿಟ್ಟಿದ್ದೆ. ಅದು ಯುಎಸ್‌ಎಆರ್‌ಟಿ1 ಇರೋ ಜಾಗ. 40013804ರಲ್ಲಿ ಡೇಟಾ ರಿಜಿಸ್ಟರ್ ಇದೆ. ಅದನ್ನ ಯಾರೇ ಓದಲಿ, 'ಬೈಟ್ ಬಂದಿದೆ' ಅನ್ನೋ ಫ್ಲ್ಯಾಗ್ ಅಳಿಸಿಹೋಗುತ್ತೆ. ಪ್ರೋಗ್ರಾಂ ನಿಂತ ಮೇಲೆ ವಿಂಡೋ ಆ ಜಾಗವನ್ನ ಓದುವಷ್ಟರಲ್ಲಿ ಸೆನ್ಸರ್ ಉತ್ತರ ಬಂದಿರುತ್ತಿತ್ತು. ಡಿಬಗ್ಗರ್ ಓದಿತು, ಫ್ಲ್ಯಾಗ್ ಹೋಯಿತು, ಇಂಟರಪ್ಟ್‌ಗೆ ಏನೂ ಉಳಿಯಲಿಲ್ಲ.

ಡಿಬಗ್ಗರ್‌ಗೆ ಇದು ಗೊತ್ತಾಗಬೇಡವೇ? ಗೊತ್ತಾಗಲ್ಲ. ನಾನು ಬಳಸೋದು ಓಪನ್‌ಓಸಿಡಿ ಮತ್ತು ಜಿಡಿಬಿ. ಓಪನ್‌ಓಸಿಡಿ ತನ್ನ ಕಾನ್ಫಿಗ್ ಫೈಲಿನ ಫ್ಲ್ಯಾಶ್ ಬ್ಯಾಂಕ್ ಸಾಲುಗಳನ್ನ ನೋಡಿ ಜಿಡಿಬಿಗೆ ಒಂದು ನಕ್ಷೆ ಕಳಿಸುತ್ತೆ. ಅದರಲ್ಲಿ ಫ್ಲ್ಯಾಶ್ ಬಿಟ್ಟು ಉಳಿದದ್ದೆಲ್ಲ ರ‍್ಯಾಮ್. ಪೆರಿಫೆರಲ್ ಕೂಡ! ರ‍್ಯಾಮ್ ಅಂದಮೇಲೆ ಎಷ್ಟು ಸಲ ಓದಿದರೇನು?

ಹಾಗಾಗಿ ನಕ್ಷೆ ನಾವೇ ಬರೀಬೇಕು. ಜಿಡಿಬಿಯಲ್ಲಿ 'ಮೆಮ್' ಅನ್ನೋ ಕಮಾಂಡ್ ಇದೆ. ಆರಂಭ, ಅಂತ್ಯ, ಗುಣ, ಇಷ್ಟೇ. ನಮ್ಮ ಚಿಪ್‌ಗೆ ಎರಡು ಸಾಲು ಸಾಕು. ಫ್ಲ್ಯಾಶ್ 64 ಕೆಬಿ: 08000000ರಿಂದ 08010000, 'ಆರ್‌ಒ', ಅಂದ್ರೆ ಓದೋಕೆ ಮಾತ್ರ. ರ‍್ಯಾಮ್ 20 ಕೆಬಿ: 20000000ರಿಂದ 20005000, 'ಆರ್‌ಡಬ್ಲ್ಯೂ', ಓದಬಹುದು, ಬರೆಯಬಹುದು. ಅಂತ್ಯದ ವಿಳಾಸ ಲೆಕ್ಕಕ್ಕೆ ಸೇರಲ್ಲ, ನೆನಪಿರಲಿ. ಒಮ್ಮೆ ಹೀಗೆ ಬರೆದರೆ, ಪಟ್ಟಿಯಲ್ಲಿಲ್ಲದ ಜಾಗವನ್ನ ಜಿಡಿಬಿ ಮುಟ್ಟೋದೇ ಇಲ್ಲ. ಎಲ್‌ಇಡಿ ಪಿನ್ ನೋಡಬೇಕಾ? ಜಿಪಿಐಒ ಸಿ ಇರೋ 40011000ರಿಂದ 40011400ರವರೆಗೆ ಮಾತ್ರ ಇನ್ನೊಂದು ಸಾಲು ಸೇರಿಸಿ. ಇಡೀ ಪೆರಿಫೆರಲ್ ಬಾಗಿಲು ತೆರೀಬೇಡಿ.

ಎರಡು ಎಚ್ಚರಿಕೆ. ಒಂದು, ಈ ಸಾಲುಗಳನ್ನ ಫರ್ಮ್‌ವೇರ್ ಲೋಡ್ ಆದಮೇಲೆ ಓಡಿಸಿ. ನಮ್ಮ ನಕ್ಷೆಯಲ್ಲಿ ಫ್ಲ್ಯಾಶ್ ಓದೋಕೆ ಮಾತ್ರ ಅಂತಿದೆಯಲ್ಲ, ಲೋಡ್ ಆಗೋದಿಲ್ಲ. ಮತ್ತೆ ಲೋಡ್ ಮಾಡೋ ಮುಂಚೆ 'ಮೆಮ್ ಆಟೋ' ಕೊಟ್ಟರೆ ಹಳೇ ನಕ್ಷೆ ವಾಪಸ್ ಬರುತ್ತೆ. ಎರಡು, ಈ ಬೇಲಿ ಜಿಡಿಬಿಗೆ ಮಾತ್ರ. 'ಮಾನಿಟರ್' ಅಂತ ಹೇಳಿ ಓಪನ್‌ಓಸಿಡಿ ಕೈಲೇ ಓದಿಸಿದರೆ ಅದು ಬೇಲಿ ಕೇಳಲ್ಲ.

ಆ ಹುಡುಗನ ಹತ್ತಿರ ಕ್ಷಮೆ ಕೇಳಿದೆ, ಎಲ್ಲರೆದುರೇ. ಬೈದದ್ದು ಎಲ್ಲರೆದುರು ತಾನೇ? ಈಗ ನಮ್ಮಲ್ಲಿ ಹೊಸ ಬೋರ್ಡ್ ಬಂದರೆ ಮೊದಲು ಡೇಟಾಶೀಟ್‌ನ ಮೆಮೊರಿ ಮ್ಯಾಪ್ ಪುಟ ತೆಗೀತೀವಿ, ಈ ಫೈಲ್ ಬರೀತೀವಿ. ಆಮೇಲೇ ಬ್ರೇಕ್‌ಪಾಯಿಂಟ್. ನೀವೂ ಹಾಗೇ ಮಾಡಿ. ಯಾರನ್ನಾದರೂ ಬೈಯೋ ಮುಂಚೆ, ನಿಮ್ಮ ಡಿಬಗ್ಗರ್ ಏನನ್ನ ಓದ್ತಿದೆ ಅಂತ ಒಮ್ಮೆ ನೋಡಿ.