ಸೆಲ್ಫ್ ಸ್ಟಾರ್ಟರಿನ ಕಿರುಭಾಗಗಳು: ಸವೆತದ ಮೂಲ ಮತ್ತು ತಡೆ

ಎಂಜಿನ್ ಚಾಲೂ ಮಾಡುವ ಸೆಲ್ಫ್ ಸ್ಟಾರ್ಟರಿನಲ್ಲಿ ಮೊದಲು ಸವೆಯುವುದು ಮೋಟಾರಿನ ಮೈಯಲ್ಲ, ಅದರ ಕಿರುಭಾಗಗಳು: ಪಿನಿಯನ್ನಿನ ಹಲ್ಲು, ಬೆಂಡಿಕ್ಸಿನ ರೋಲರು, ತುದಿಯ ಬುಶ್, ಕಾರ್ಬನ್, ಸೊಲೆನಾಯ್ಡಿನ ತಾಮ್ರದ ಪಾಯಿಂಟು. ಮುಂಬಯಿಯಲ್ಲಿ ಇವುಗಳ ಮೇಲಿನ ಹೊರೆ ದೊಡ್ಡದು. ನಗರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಬಾಂದ್ರಾ ಮತ್ತು ಸಾಯನ್‌ನಿಂದಾಚೆಯ ರಿಕ್ಷಾ ಸಾಲಿನಲ್ಲಿ ಗಾಡಿ ನಿಂತರೆ ಎಂಜಿನ್ ಆರಿಸುತ್ತಾರೆ, ಸಾಲು ಸರಿದರೆ ಮತ್ತೆ ಸೆಲ್ಫ್ ಹೊಡೆಯುತ್ತಾರೆ. ಗಾಡಿಗಳ ದುಡಿಮೆಯ ಅವಧಿಯೂ ದೀರ್ಘ. 2003ರಲ್ಲಿ ನೋಂದಣಿಯಾದ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ ರಸ್ತೆಯಿಂದ ಸರಿದದ್ದು 2023ರ ಅಕ್ಟೋಬರಿನಲ್ಲಿ.

ಪಿನಿಯನ್ನಿಗೆ 9 ಹಲ್ಲು, ಫ್ಲೈವೀಲಿನ ರಿಂಗಿಗೆ 108 ಹಲ್ಲು ಇದ್ದರೆ ವೇಗದ ಅನುಪಾತ 12 ಪಟ್ಟು. ಎಂಜಿನ್ ಹೊತ್ತಿಕೊಂಡು ನಿಮಿಷಕ್ಕೆ 1000 ಸುತ್ತು ಮುಟ್ಟಿದರೆ ಕೂಡಿಕೊಂಡಿರುವ ಪಿನಿಯನ್ 12,000 ಸುತ್ತು ತಿರುಗುತ್ತದೆ. ಆ ವೇಗ ಆರ್ಮೇಚರಿಗೆ ತಟ್ಟದಂತೆ ತಡೆಯುವುದು ಬೆಂಡಿಕ್ಸಿನ ಏಕಮುಖ ಕ್ಲಚ್ಚು. ಇಳಿಜಾರು ಗೂಡಿನಲ್ಲಿ ಕುಳಿತ ಪುಟ್ಟ ರೋಲರುಗಳನ್ನು ಸಣ್ಣ ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಬಿಚ್ಚಿದ ಬೆಂಡಿಕ್ಸನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವ ರೂಢಿ ಇಲ್ಲಿಯೇ ಹಾನಿ ಮಾಡುತ್ತದೆ. ಒಳಗೆ ತುಂಬಿ ಮುಚ್ಚಿದ ಗ್ರೀಸು ಕರಗಿಹೋಗಿ ರೋಲರು ಒಣಗಿಯೇ ಉಜ್ಜುತ್ತದೆ. ಅದನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ರಿಂಗಿನ ಸವೆತಕ್ಕೆ ಒಂದು ಗುರುತು ಇದೆ. ನಾಲ್ಕು ಸಿಲಿಂಡರಿನ ಎಂಜಿನ್ ಆರುವಾಗ ಸಂಪೀಡನದ ಒತ್ತಡಕ್ಕೆ ಸಿಕ್ಕಿ ಹೆಚ್ಚಾಗಿ ಎದುರುಬದುರಿನ ಎರಡು ಜಾಗಗಳಲ್ಲೇ ನಿಲ್ಲುತ್ತದೆ. ಪಿನಿಯನ್ ಪ್ರತಿ ಬಾರಿಯೂ ಅದೇ ಹಲ್ಲುಗಳಿಗೆ ಬಡಿಯುವುದರಿಂದ ಅಲ್ಲಿ ಅಂಚು ಚಿಪ್ಪು ಏಳುತ್ತದೆ, ಉಳಿದ ಹಲ್ಲುಗಳು ಹೊಸದರಂತೆಯೇ ಇರುತ್ತವೆ. ಬಿಸಿ ಮಾಡಿ ಕೂರಿಸಿದ ರಿಂಗನ್ನು ತೆಗೆದು ಕೆಲವು ಹಲ್ಲು ಸರಿಸಿ ಮತ್ತೆ ಕೂರಿಸಬಹುದು. ಆದರೆ ಪಿನಿಯನ್ ಪೂರ್ತಿ ಕೂಡಿಕೊಳ್ಳುವ ಮೊದಲೇ ಮೋಟಾರು ತಿರುಗುತ್ತಿದ್ದರೆ ಹೊಸ ಜಾಗವೂ ಬೇಗನೆ ಕೆಡುತ್ತದೆ.

ಬಹಳ ಸವೆತಕ್ಕೆ ಮೂಲ ವಿದ್ಯುತ್ತಿನ ಕೊರತೆ. 12 ವೋಲ್ಟ್ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ, ಅಥವಾ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದ್ದರೆ, ಸೊಲೆನಾಯ್ಡು ಪ್ಲಂಜರನ್ನು ಗಟ್ಟಿಯಾಗಿ ಹಿಡಿಯಲಾರದೆ ಟಕಟಕ ಬಡಿದುಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಪಾಯಿಂಟು ಕಿಡಿ ಹಾರಿಸಿ ಸುಡುತ್ತದೆ, ಪಿನಿಯನ್ ಅರ್ಧ ಕೂಡಿ ಜಾರುತ್ತದೆ. ಬ್ಯಾಟರಿ ಮತ್ತು ಕೇಬಲ್ ನೋಡದೆ ಬೆಂಡಿಕ್ಸ್ ಮಾತ್ರ ಬದಲಾಯಿಸುವುದು ದುರಸ್ತಿಯೇ ಅಲ್ಲ.

ಮಳೆಗಾಲ ಈ ಕಿರುಭಾಗಗಳಿಗೆ ಇನ್ನೊಂದು ಪೆಟ್ಟು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅಂಥ ದಿನ ಬಿಟ್ಟರೂ ಮಿಲನ್ ಸಬ್‌ವೇ, ಹಿಂದಮಾತಾ ವರ್ಷವರ್ಷ ನೀರು ಕಾಣುವ ಜಾಗಗಳು. ಹಲವು ಗಾಡಿಗಳಲ್ಲಿ ಸ್ಟಾರ್ಟರು ಎಂಜಿನ್ನಿನ ತಗ್ಗಿನಲ್ಲಿರುತ್ತದೆ. ನೀರಿನೊಡನೆ ಹೊಕ್ಕ ಸಣ್ಣ ಮರಳು ಬುಶ್ಶನ್ನು ಅರೆಯುತ್ತದೆ. ಬುಶ್ ಸಡಿಲವಾದರೆ ಆರ್ಮೇಚರು ಬಾಗಿ ಸುತ್ತಲಿನ ಪೋಲಿಗೆ ತಾಗುತ್ತದೆ. ಎಣ್ಣೆ ಹೀರಿದ ಕಂಚಿನ ಬುಶ್ಶನ್ನು ಹೊಸದಾಗಿ ಹಾಕುವ ಖರ್ಚು ಅಲ್ಪ, ಆರ್ಮೇಚರಿನದು ಹಾಗಲ್ಲ. ನೀರಿನಲ್ಲಿ ನಿಂತ ಗಾಡಿಯ ಸ್ಟಾರ್ಟರನ್ನು ಬಿಚ್ಚಿ ಒಣಗಿಸದೆ ಸೆಲ್ಫ್ ಹೊಡೆಯಬಾರದು.

ಈ ಸವೆತದ ಕುರಿತ ಸಂಕಿರಣಗಳು ಹೊಸ ಲೋಹ, ಹೊಸ ಲೇಪನಗಳ ಚರ್ಚೆಗೆ ನಿಲ್ಲದೆ, ಗ್ಯಾರೇಜಿನ ಹುಡುಗನ ಕೈಗೆ ವೋಲ್ಟ್‌ಮೀಟರ್ ಕೊಟ್ಟು, ಬಿಚ್ಚುವ ಮುನ್ನ ಅಳೆಯುವ ಪಾಠ ಹೇಳಿಕೊಡುವ ದಾರಿಯನ್ನೂ ನಿರ್ಧರಿಸಬೇಕು.